ಕೆಂಪು ದೀಪದ ಕಾಲು ಗಂಟೆ

ಊರಿನ ಅರ್ಧ ಜನರ ಉಸಿರನ್ನು ಹಿಡಿದು ನಿಲ್ಲಿಸಿದ ಹೆಂಗಸು ಅವಳು. "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಅಲ್ಲಾಡಬೇಡಿ... ಹಾಂ, ಬಿಡಿ" ಎಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ಹೇಳುವುದೇ ಅವಳ ಕೆಲಸ. ಪೊಲೀಸರು, ಪೈಲ್ವಾನರು, ಬಾಯಿ ತೆರೆದರೆ ಮುಚ್ಚದ ಭಾಷಣಕಾರರು, ಎಲ್ಲರೂ ಅವಳ ಒಂದು ಮಾತಿಗೆ ಎದೆಯುಬ್ಬಿಸಿ ಗೊಂಬೆಗಳ ಹಾಗೆ ನಿಂತಿದ್ದಾರೆ. ಅಂಥವಳಿಗೆ ತನ್ನ ಸ್ವಂತ ಮನೆಯಲ್ಲಿ, ತಾನೇ ಹೆತ್ತ ಇಬ್ಬರು ಮಕ್ಕಳನ್ನು ಕಾಲು ಗಂಟೆ ಸುಮ್ಮನಿರಿಸಲು ಆಗುತ್ತಿರಲಿಲ್ಲ. ಆ ಕಾಲು ಗಂಟೆ ಅವಳಿಗೆ ಬೇಕಾಗಿದ್ದುದು ಟೀವಿಗಲ್ಲ, ಪಕ್ಕದ ಮನೆಯವರ ಸುದ್ದಿಗಲ್ಲ. ಬೈಬಲ್ ತೆರೆದು ಒಂದು ಪುಟ ಓದಿ, ಕಣ್ಣು ಮುಚ್ಚಿ ದೇವರ ಹತ್ತಿರ ನಾಲ್ಕು ಮಾತಾಡುವುದಕ್ಕೆ. ಅಷ್ಟಕ್ಕೂ ಆ ಮನೆಯಲ್ಲಿ ಗತಿಯಿರಲಿಲ್ಲ.

ಚರ್ಚಿನ ಸಭೆಯಲ್ಲೂ ಬೀದಿಯಲ್ಲೂ ಎಲ್ಲರೂ ಅವಳನ್ನು ಎಕ್ಸ್‌ರೇ ಅಕ್ಕ ಅನ್ನುತ್ತಿದ್ದರು. ಗಂಡ ಪಾರ್ಸಲ್ ವ್ಯಾನಿನ ಡ್ರೈವರ್. ಒಳ್ಳೆಯವನೇ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಪ್ರಾರ್ಥನೆಯ ವಿಷಯ ಬಂದರೆ, "ನನ್ನ ಕಷ್ಟ ದೇವರಿಗೆ ಗೊತ್ತಿದೆ ಕಣೇ, ಪದೇ ಪದೇ ಹೇಳಿ ಯಾಕೆ ಅವರ ತಲೆ ತಿನ್ನಲಿ" ಎಂದು ಊಟದ ಮುಂಚೆ ಎರಡು ಸಾಲು ಹೇಳಿ ಆಮೆನ್ ಅಂದುಬಿಡುವವನು. ದೊಡ್ಡ ಮಗನನ್ನು ಮನೆಯಲ್ಲಿ ವಕೀಲ ಎಂದು ಕರೆಯುತ್ತಿದ್ದರು. ಹಲ್ಲುಜ್ಜು ಅಂದರೂ ಯಾಕೆ, ಯಾವ ಆಧಾರದ ಮೇಲೆ ಎಂದು ಕೇಳುವ ಹುಡುಗ. ಚಿಕ್ಕವಳು ಪುಟ್ಟಿ, ಇನ್ನೂ ಶಾಲೆಯ ಮೊದಲ ಮೆಟ್ಟಿಲಲ್ಲಿದ್ದಳು. ಅಮ್ಮ ಹೇಳಿದ್ದು ಅವಳಿಗೆ ಕಲ್ಲಿನ ಮೇಲೆ ಕೆತ್ತಿದ ಮಾತು.

ವರ್ಷದ ಆರಂಭದಲ್ಲಿ ಸಭೆಯವರೆಲ್ಲ ಸೇರಿ ಬೈಬಲನ್ನು ಮೊದಲ ಪುಟದಿಂದ ಕೊನೆಯವರೆಗೆ ವರ್ಷದೊಳಗೆ ಓದಿ ಮುಗಿಸುವುದೆಂದು ಮಾತಾಡಿಕೊಂಡಿದ್ದರು. ಮಿಕ್ಕವರು ರಾಜರುಗಳನ್ನೆಲ್ಲ ದಾಟಿ ಪ್ರವಾದಿಗಳ ಹತ್ತಿರ ಬಂದಿದ್ದರು. ಮೊದಲ ಪುಟಗಳ ಜಲಪ್ರಳಯದಲ್ಲಿ ಸಿಕ್ಕ ಎಕ್ಸ್‌ರೇ ಅಕ್ಕನ ನೋಹ ಮಾತ್ರ ಇನ್ನೂ ನಾವೆಯಲ್ಲೇ ಇದ್ದ. ಮಳೆ ಸುರಿದು, ನೀರು ಏರಿ, ಬೆಟ್ಟಗಳು ಮುಳುಗುವವರೆಗೆ ಹೇಗೋ ಓದುವಳು. ನೀರು ಇಳಿಯುವ ಹೊತ್ತಿಗೆ ಯಾರಾದರೂ "ಅಮ್ಮಾ" ಅನ್ನುತ್ತಿದ್ದರು. ಮರುದಿನ ಎಲ್ಲಿ ಬಿಟ್ಟಿದ್ದೆ ಎಂಬುದು ಮರೆತು ಮತ್ತೆ ಮಳೆಯಿಂದಲೇ ಶುರು. ಪಾಪ, ನೋಹನ ಜೊತೆ ನಾವೆ ಹತ್ತಿದ ಆ ಪ್ರಾಣಿಗಳೆಲ್ಲ ಎಷ್ಟು ಕಾಲದಿಂದ ಒಳಗೆ ಒದ್ದಾಡುತ್ತಿವೆಯೋ ಎಂದು ಅವಳಿಗೇ ಕನಿಕರವಾಗುತ್ತಿತ್ತು.

ಪ್ರಯತ್ನ ಮಾಡಲಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ನೋಡಿದಳು. ಅಲಾರಂ ಕೂಗಿ ಮಕ್ಕಳು ಎದ್ದಾರೆಂದು ಫೋನನ್ನು ದಿಂಬಿನಡಿ ಹೂತಿಟ್ಟು, ಕಳ್ಳಿಯ ಹಾಗೆ ಒಂದು ಕಾಲು ನೆಲಕ್ಕಿಟ್ಟರೆ ಸಾಕು, "ಅಮ್ಮಾ, ಎಲ್ಲಿಗೆ?" ಎಂದು ಪುಟ್ಟಿಯ ದನಿ. ಬಸ್ಸಿನಲ್ಲಿ ಓದೋಣ ಅಂದರೆ ಪುಸ್ತಕ ಬಿಚ್ಚುವುದಿರಲಿ, ಮೂಗು ಕೆರೆದುಕೊಳ್ಳಲೂ ಕೈ ಮೇಲೆತ್ತಲಾಗದಷ್ಟು ನೂಕುನುಗ್ಗಲು. ಆಸ್ಪತ್ರೆಯಲ್ಲಿ ಊಟದ ಬಿಡುವಿನಲ್ಲಿ ಕೂತರೆ, ಕಸ ಗುಡಿಸುವವಳಿಂದ ಹಿಡಿದು ಕ್ಯಾಶಿಯರ್‌ವರೆಗೆ ಎಲ್ಲರೂ, "ಅಕ್ಕ, ನನ್ನ ಮಂಡಿ ಒಂಚೂರು ನೋಡ್ತೀರಾ" ಎಂದು ಬರುವರು. ಫೋನಿನಲ್ಲಿ ಯಾರೋ ಓದಿದ್ದನ್ನು ಕಿವಿಗೆ ಹಾಕಿಕೊಂಡು ಪಾತ್ರೆ ತೊಳೆದೂ ಆಯಿತು. ಒಂದು ಕಿವಿಯಲ್ಲಿ ದೇವರು ನೋಹನಿಗೆ ಅಪ್ಪಣೆ ಕೊಡುತ್ತಿದ್ದರೆ ಇನ್ನೊಂದರಲ್ಲಿ ವಕೀಲ, "ನನ್ನ ಇನ್ನೊಂದು ಸಾಕ್ಸ್ ಎಲ್ಲಿ?" ಎನ್ನುತ್ತಿದ್ದ. ನೋಹ ನಾವೆಗೆ ಸಾಕ್ಸ್ ಒಯ್ದನೋ ಇಲ್ಲವೋ ಎಂಬ ಗೊಂದಲ ಅವಳ ತಲೆಯಲ್ಲಿ ಉಳಿದುಬಿಟ್ಟಿತು.

ನಗಲು ಸುಲಭ. ಒಳಗೆ ಮಾತ್ರ ಅವಳಿಗೆ ಬೆಂಕಿ. ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರೆಲ್ಲ ಸುತ್ತ ಕೂರುವರು. ಪಾಸ್ಟರ್ ಹೆಂಡತಿ, ಎಲ್ಲರ ಬಾಯಲ್ಲಿ ಪಾಸ್ಟರಮ್ಮ, ಒಬ್ಬೊಬ್ಬರನ್ನೇ ಕೇಳುವರು: "ಈ ವಾರ ದೇವರು ನಿಮ್ಮ ಹತ್ತಿರ ಏನು ಮಾತಾಡಿದ್ರು?" ಎಕ್ಸ್‌ರೇ ಅಕ್ಕ ಪ್ರತಿ ವಾರ ತಲೆ ತಗ್ಗಿಸಿ "ತಾಳ್ಮೆ" ಅನ್ನುವಳು. ತಾಳ್ಮೆ ಅಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ಒಂದು ಭಾನುವಾರ ಅದೂ ಬಾಯಿಗೆ ಬರಲಿಲ್ಲ.

"ಏನೂ ಮಾತಾಡಿಲ್ಲ ಪಾಸ್ಟರಮ್ಮ," ಅಂದುಬಿಟ್ಟಳು. "ಮಾತಾಡಿದ್ರೂ ನಮ್ಮನೇಲಿ ಕೇಳಿಸಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಆಮೇಲೆ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅಳತೊಡಗಿದಳು. ಪಾಸ್ಟರಮ್ಮ ಹಿಂದೆಯೇ ಬಂದರು.

"ಮೊದಲು ಹೀಗಿರಲಿಲ್ಲ," ಅಂದಳು ಮೂಗು ಒರೆಸಿಕೊಂಡು. "ಮದುವೆಗೆ ಮುಂಚೆ ಒಡಹುಟ್ಟಿದವರ ಹತ್ತಿರ ಮಾತಾಡೋ ಹಾಗೆ ಮಾತಾಡ್ತಿದ್ದೆ. ಈಗ ಕಣ್ಣು ಮುಚ್ಚಿದ್ರೆ ಏನು ಹೇಳೋದು ಅಂತಾನೇ ತೋಚಲ್ಲ. ಹೀಗೇ ಹೋದ್ರೆ ನನಗೂ ದೇವರಿಗೂ ಬರೀ ಮುಖಪರಿಚಯ ಉಳಿಯುತ್ತೆ ಅಷ್ಟೇ. ಅದೇ ಭಯ ನನಗೆ."

ಪಾಸ್ಟರಮ್ಮನ ಮಕ್ಕಳೆಲ್ಲ ಬೆಳೆದು ದೊಡ್ಡವರಾಗಿದ್ದರು. ಹಾಗಾಗಿ ಅವರಿಗೆ ಎಲ್ಲವೂ ಸುಲಭವಾಗಿ ಕಾಣುತ್ತಿತ್ತು. "ನೋಡಮ್ಮ, ಒಂದು ಕೋಣೆಗೆ ಹೋಗು, ಬಾಗಿಲು ಹಾಕ್ಕೊ, ಚಿಲಕ ಹಾಕು. ಅಷ್ಟೇ," ಅಂದರು.

ಅಷ್ಟೇ ಅಂತೆ! ಇದ್ದುದು ಎರಡು ಕೋಣೆ, ಒಂದು ಅಡುಗೆಮನೆ. ಮಲಗುವ ಕೋಣೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರುತ್ತಲೇ ಇರಲಿಲ್ಲ. ಚಿಲಕವಿದ್ದುದು ಬಚ್ಚಲಿಗೆ, ಬಿಟ್ಟರೆ ಹಳೆ ಹಾಸಿಗೆ, ಮುರಿದ ಫ್ಯಾನು, ಖಾಲಿ ಡಬ್ಬಗಳನ್ನು ತುಂಬಿದ್ದ ಸಾಮಾನಿನ ಕೋಣೆಗೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಂಥ ಜಾಗ. ಅವಳು ಡಬ್ಬಗಳನ್ನು ಅತ್ತ ಸರಿಸಿ, ಸುತ್ತಿಟ್ಟ ಹಾಸಿಗೆಯ ಮೇಲೆ ಕೂತು, "ಕರ್ತನೇ" ಅಂದಳೋ ಇಲ್ಲವೋ, ಬಾಗಿಲು ದಡದಡ.

"ಅಮ್ಮಾ, ಒಳಗಿದ್ದೀಯಾ?" ವಕೀಲನ ದನಿ.

"ಇಲ್ಲ!"

"ಹಾಗಾದ್ರೆ ಈಗ ಮಾತಾಡಿದ್ದು ಯಾರು?"

ಮರುದಿನ ಪುಟ್ಟಿಗೆ ನೀರು ಬೇಕಿತ್ತು. ಅದರ ಮರುದಿನ ಗಂಡನ ನೀಲಿ ಶರ್ಟು ಕಾಣೆಯಾಗಿತ್ತು. "ಪ್ರಾರ್ಥನೆ ಮುಗಿಸ್ಕೊಂಡೇ ಹೇಳು ಮಾರಾಯ್ತಿ, ಅವಸರ ಏನಿಲ್ಲ," ಎಂದು ಹೇಳಿ ಆ ಪುಣ್ಯಾತ್ಮ ಬಾಗಿಲ ಹೊರಗೆ ಬನಿಯನ್ನಿನಲ್ಲಿ ನಿಂತೇ ಇದ್ದ. ಅವನು ಕಾಲು ಬದಲಿಸುವ ಸದ್ದು ಒಳಗೆ ಕೇಳಿಸುತ್ತಿತ್ತು. ಅಂಥ ಸದ್ದಿನ ನಡುವೆ ಯಾವ ಭಕ್ತೆಗೆ ಪ್ರಾರ್ಥನೆ ಬಂದೀತು? ಒಂದು ದಿನ ಅವಳಿಗೆ ಮೈಯೆಲ್ಲ ಉರಿದು, ಬಾಗಿಲು ಒದ್ದ ಹಾಗೆ ತೆರೆದು ಹೊರಗೆ ಬಂದಳು.

"ದೆವ್ವಗಳಾ! ಒಂದು ಕಾಲು ಗಂಟೆ ದೇವರ ಹತ್ತಿರ ಮಾತಾಡೋಕೆ ಬಿಡಲ್ಲ ಅಂದ್ರೆ ನೀವು ಎಂಥ ಮಕ್ಕಳೋ!"

ವಕೀಲ ಸ್ವಲ್ಪ ಯೋಚಿಸಿದ. "ಪ್ರಾರ್ಥನೆ ಮಾಡಿ ಬಂದ ಕೂಡ್ಲೆ ದೆವ್ವ ಅನ್ನಬಹುದಾ ಅಮ್ಮಾ?" ಅಂದ. ಅವನಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿತು.

ಅದೇ ವಾರ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಗೆ ಬಣ್ಣ ಬಳಿಸಿ ಬಾಗಿಲ ಮೇಲಿನ ಕೆಂಪು ದೀಪ ಬದಲಿಸಿದರು. ಹಳೆಯದು ಒಂದು ಉದ್ದನೆಯ ತಗಡಿನ ಪೆಟ್ಟಿಗೆ, ಕೆಂಪು ಗಾಜಿನ ಮೇಲೆ "ಒಳಗೆ ಬರಬೇಡಿ" ಎಂದು ಬರೆದದ್ದು. ಗುಜರಿ ಸಾಮಾನಿನ ಜೊತೆ ಮೂಲೆಯಲ್ಲಿ ಬಿದ್ದಿತ್ತು. ಅವಳು ಅದನ್ನೇ ನೋಡುತ್ತ ನಿಂತುಬಿಟ್ಟಳು. ಈ ದೀಪ ಹತ್ತಿದರೆ ಯಾರು ಬಾಗಿಲು ತಟ್ಟಿದ್ದಾರೆ? ಯಾರೂ ಇಲ್ಲ. ದೊಡ್ಡ ಡಾಕ್ಟರು ಕೂಡ ಹೊರಗೆ ನಿಂತು ಕೈಗಡಿಯಾರ ನೋಡಿಕೊಳ್ಳುವರೇ ಹೊರತು ಬಾಗಿಲಿಗೆ ಬೆರಳು ತಾಗಿಸುವುದಿಲ್ಲ. ಸ್ಟೋರಿನವರನ್ನು ಕೇಳಿದಳು. "ತಗೊಂಡ್ಹೋಗಿ ಅಕ್ಕ, ಯಾರಿಗೆ ಬೇಕು ಅದು," ಅಂದರು.

ಗಂಡ ಗೊಣಗುತ್ತಲೇ ಅದನ್ನು ಸಾಮಾನಿನ ಕೋಣೆಯ ಬಾಗಿಲ ಮೇಲೆ ಜಡಿದು, ಸ್ವಿಚ್ಚನ್ನು ಒಳಗೆ ಕೂರಿಸಿದ. ಮಕ್ಕಳು ಆಸ್ಪತ್ರೆಗೆ ಬಂದಾಗಲೆಲ್ಲ ಆ ದೀಪ ನೋಡಿದ್ದವರೇ. ಇಬ್ಬರನ್ನೂ ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ಅಕ್ಕ ಕಾನೂನು ಸಾರಿದಳು.

"ಇದು ಹತ್ತಿದಾಗ ಯಾರೂ ಒಳಗೆ ಬರಬಾರದು, ಕರೀಬಾರದು, ಬಾಗಿಲು ತಟ್ಟಬಾರದು. ಆರಿದ ಮೇಲೆ ಏನು ಬೇಕಾದ್ರೂ ಕೇಳಿ."

"ಮನೆಗೆ ಬೆಂಕಿ ಬಿದ್ರೆ?" ವಕೀಲ ಕೇಳಿದ.

"ಬೆಂಕಿ ಬಿದ್ರೂ ತಟ್ಟಬೇಡ!"

ಸಿಟ್ಟಿನಲ್ಲಿ ಬಂದ ಮಾತು. ವಕೀಲ ಅದನ್ನು ಕೇಳಿ ಕಿಸಕ್ಕನೆ ನಕ್ಕ. ಪುಟ್ಟಿ ನಗಲಿಲ್ಲ.

ದೀಪ ಕೆಲಸ ಮಾಡಿತು. ಏನು ಹೇಳುವುದು, ಮನೆಯೇ ಬಾಯಿಗೆ ಬೀಗ ಹಾಕಿಕೊಂಡಿತು. ಕೆಂಪು ಬೆಳಕು ಹತ್ತಿದ ಕೂಡಲೇ ಪುಟ್ಟಿ ತುದಿಗಾಲಲ್ಲಿ ನಡೆಯುವಳು. ಗಂಡನೂ ಶರ್ಟನ್ನು ತಾನೇ ಹುಡುಕಿಕೊಂಡ, ಅದು ಅವನ ಕಣ್ಣೆದುರೇ ನೇತಾಡುತ್ತಿತ್ತು. ಆಮೇಲೆ ಸದ್ದಿಲ್ಲದೆ ಎಲ್ಲರೂ ಅದರ ರುಚಿ ಕಂಡುಕೊಂಡರು ಅನ್ನಿ. ಹೋಮ್‌ವರ್ಕ್ ಹೊತ್ತಿಗೆ ವಕೀಲ ಒಳಗೆ ಹೊಕ್ಕು ದೀಪ ಹಾಕಿಕೊಳ್ಳುವನು. ಒಂದು ಮಧ್ಯಾಹ್ನ ದೀಪ ಉರಿಯುತ್ತಿದೆ, ಒಳಗಿನಿಂದ ಗಂಡನ ಗೊರಕೆ. "ಇದು ದೇವರಿಗೆ ಅಂತ ಇಟ್ಟ ದೀಪ ಕಣ್ರೀ!" ಎಂದು ಅವನನ್ನು ಅಲ್ಲಿಂದ ಎಬ್ಬಿಸಿ ಓಡಿಸಿದಳು.

ಆದರೆ ಹೇಳಿಕೊಳ್ಳಲಾಗದ ಸಂಕಟ ಬೇರೆಯೇ ಇತ್ತು. ಇಷ್ಟೆಲ್ಲ ಮಾಡಿ ಗಳಿಸಿದ ಮೌನದಲ್ಲಿ ಕೂತರೆ ದೇವರು ಸಿಗಲಿಲ್ಲ. ನೆನಪಾದುದೆಲ್ಲ ಒಗೆಯಲು ಹಾಕಿದ ಬಟ್ಟೆ, ಮುಗಿಯುತ್ತ ಬಂದ ಗ್ಯಾಸು, ಶಾಲೆಯಲ್ಲಿ ಕೇಳಿದ ಬಣ್ಣದ ಕಾಗದ. ಕಣ್ಣು ಮುಚ್ಚಿದರೆ ಆ ದಿನ ನೋಡಿದ ಪಕ್ಕೆಲುಬುಗಳು. ಹೊರಗಿನಿಂದ ಬಾಗಿಲು ತಟ್ಟುವವರಿಲ್ಲ, ಒಳಗೆ ತಾನೇ ತಟ್ಟಿಕೊಳ್ಳುತ್ತಿದ್ದಳು. ಮೊದಲಾದರೆ ತಪ್ಪನ್ನು ಮಕ್ಕಳ ಮೇಲೆ ಹಾಕಬಹುದಿತ್ತು. ಈಗ ಯಾರ ಮೇಲೆ ಹಾಕುವುದು? "ಕರ್ತನೇ, ನಾನು ಬಂದಿದ್ದೀನಿ, ನೀನೆಲ್ಲಿ?" ಎಂದು ಹಲ್ಲು ಕಚ್ಚಿ ಕೇಳಿದಳು. ನಾವೆ ನೀರ ಮೇಲೆಯೇ ಇತ್ತು.

ಆ ಶನಿವಾರ ಸಂಜೆ ಗಂಡ ವ್ಯಾನಿನಲ್ಲಿ ಹೋಗಿದ್ದ, ವಕೀಲ ಬೀದಿಯ ಕೊನೆಯಲ್ಲಿ ಚೆಂಡಾಡುತ್ತಿದ್ದ. ಪುಟ್ಟಿ ನೆಲದ ಮೇಲೆ ಚಿತ್ರ ಬಿಡಿಸುತ್ತಿದ್ದಳು. ಬೆಳಗಿನಿಂದ ಆಸ್ಪತ್ರೆಯಲ್ಲಿ ಉಸಿರಾಡಲೂ ಬಿಡುವಿರಲಿಲ್ಲ. ಇವತ್ತು ನೋಹನನ್ನು ನೆಲಕ್ಕಿಳಿಸಿಯೇ ತೀರುತ್ತೇನೆ ಎಂದುಕೊಂಡು ಅವಳು ಒಳಗೆ ಹೋಗಿ ಚಿಲಕ ಹಾಕಿ ಸ್ವಿಚ್ಚು ಒತ್ತಿದಳು. ಮಳೆ ಶುರುವಾಯಿತು. ನೀರು ಏರಿತು. ಬೆಟ್ಟಗಳು ಮುಳುಗಿದವು. ಅಕ್ಷರಗಳೂ ಮುಳುಗಿದವು.

ಎಚ್ಚರವಾದಾಗ ಕುತ್ತಿಗೆ ಹಿಡಿದುಕೊಂಡಿತ್ತು. ಬೈಬಲ್ ಮಡಿಲಲ್ಲೇ ಇತ್ತು, ಪುಟದ ಮೇಲೆ ಜೊಲ್ಲಿನ ಕಲೆ. ಥೂ ನನ್ನ ಜನ್ಮಕ್ಕೆ ಎಂದು ತನ್ನನ್ನೇ ಬೈದುಕೊಂಡು ಬಾಗಿಲು ತೆರೆದಳು.

ಪುಟ್ಟಿ ಬಾಗಿಲ ಎದುರಿಗೆ ಗೋಡೆಗೊರಗಿ ಕುಳಿತಿದ್ದಳು. ಕೆಂಪು ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಕೆನ್ನೆಯ ಮೇಲೆ ಕಣ್ಣೀರು ಹರಿದು ಒಣಗಿದ ಗೆರೆ. ಎಡಗೈಯನ್ನು ಬಲಗೈಯಿಂದ ಎದೆಗವಚಿಕೊಂಡಿದ್ದಳು. ಮಣಿಕಟ್ಟು ಊದಿ ಸೊಟ್ಟಗಾಗಿತ್ತು. ಆಚೆ ಅಡುಗೆಮನೆಯಲ್ಲಿ ಸ್ಟೂಲು ಮಗುಚಿ ಬಿದ್ದು ಬಿಸ್ಕತ್ತಿನ ಡಬ್ಬ ಬಾಯಿ ತೆರೆದುಕೊಂಡಿತ್ತು.

"ಯಾವಾಗ ಬಿದ್ದೆ? ಯಾಕೆ ಕರೀಲಿಲ್ಲ? ಬಾಗಿಲು ಬಡಿಯೋಕೆ ಏನಾಗಿತ್ತೇ ನಿನಗೆ?" ಎಂದು ಕಿರುಚಿದಳು. ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಂದ ಬಂತು.

"ದೀಪ ಹತ್ತಿತ್ತಲ್ಲಮ್ಮಾ," ಅಂದಳು ಪುಟ್ಟಿ. "ಬೆಂಕಿ ಬಿದ್ರೂ ತಟ್ಟಬಾರದು ಅಂದಿದ್ದೆ. ಬೆಂಕಿ ಬಿದ್ದಿರಲಿಲ್ಲ, ನಾನೇ ಬಿದ್ದಿದ್ದು." ಆಮೇಲೆ ದನಿ ತಗ್ಗಿಸಿ, "ಅತ್ತಿದ್ದು ಕೇಳಿಸ್ತಾ? ಬಾಯಿ ಮುಚ್ಕೊಂಡೇ ಅತ್ತೆ," ಅಂದಳು.

ಎಕ್ಸ್‌ರೇ ಅಕ್ಕ ಮಗುವನ್ನೆತ್ತಿಕೊಂಡು, ದಾರಿಯಲ್ಲಿ ವಕೀಲನನ್ನೂ ಕರೆದುಕೊಂಡು, ಸಿಕ್ಕಿದ ಗಾಡಿ ಹತ್ತಿ ತನ್ನದೇ ಆಸ್ಪತ್ರೆಗೆ ಓಡಿದಳು. ಎಕ್ಸ್‌ರೇಯಲ್ಲಿ ಡ್ಯೂಟಿಯಲ್ಲಿದ್ದ ಜೊತೆಯವನು ಅವಳ ಮುಖ ನೋಡಿದ್ದೇ ಎದ್ದು ನಿಂತ. ಅವಳು ಅಭ್ಯಾಸಬಲದಿಂದ ಗಾಜಿನ ಹಿಂದೆ ಯಂತ್ರದ ಗುಂಡಿಗಳ ಕಡೆಗೆ ಹೊರಟಿದ್ದಳು.

"ಅಕ್ಕ, ಗುಂಡಿ ನಾನು ಒತ್ತುತ್ತೀನಿ," ಅಂದ ಅವನು. "ನೀವು ಮಗು ಹತ್ತಿರ ಇರಿ."

ಅವನೇ ಕಿರಣ ತಡೆಯುವ ಸೀಸದ ಭಾರವಾದ ಅಂಗಿಯನ್ನು ಅವಳ ಹೆಗಲಿಗೆ ಹಾಕಿ ಕಟ್ಟಿದ, ಮಗುವಿಗೂ ಒಂದು ಹೊದಿಸಿದ. ಇಷ್ಟು ವರ್ಷ ಎಷ್ಟೋ ತಾಯಂದಿರಿಗೆ ಅವಳೇ ಹಾಗೆ ಕಟ್ಟಿ ಕಳಿಸಿದ್ದಳು. ತಾಯಿಯ ಹೆಗಲ ಮೇಲೆ ಅದು ಇಷ್ಟು ಭಾರವಿರುತ್ತದೆ ಎಂದು ಅವಳಿಗೆ ಇವತ್ತು ಗೊತ್ತಾಯಿತು. ಬಾಗಿಲು ಮುಚ್ಚಿತು. ಹೊರಗೆ ದೀಪ ಹತ್ತಿದ ಸಣ್ಣ ಸದ್ದಾಯಿತು.

"ಅಮ್ಮಾ," ಪುಟ್ಟಿ ಕಣ್ಣರಳಿಸಿದಳು. ನೋವಿನಲ್ಲೂ ಅವಳಿಗೆ ಆಶ್ಚರ್ಯ. "ದೀಪ ಹತ್ತಿದೆ. ನಾನು ಒಳಗಿದ್ದೀನಿ!"

"ಹೂಂ ಕಂದ, ಒಳಗಿದ್ದೀಯ. ಅಲ್ಲಾಡಬೇಡ."

"ಅಮ್ಮಾ, ನಾನೂ ಪ್ರಾರ್ಥನೆ ಮಾಡ್ದೆ ಗೊತ್ತಾ? ಬಾಗಿಲ ಹತ್ತಿರ ಕೂತಿದ್ದಾಗ."

"ಏನಂತ?"

"ಯೇಸಪ್ಪಾ, ನಿಂದು ಮಾತು ಮುಗೀತಾ, ಅಮ್ಮನ್ನ ಬೇಗ ಬಿಡು, ಅಂತ."

ಗಾಜಿನ ಹಿಂದಿನಿಂದ ಜೊತೆಯವನು, "ಅಲ್ಲಾಡಬೇಡಿ," ಅಂದ. ಎಕ್ಸ್‌ರೇ ಅಕ್ಕ ಅಲ್ಲಾಡಲಿಲ್ಲ. ಮಗು ಆ ಕಡೆ ದೇವರನ್ನು ಕರೆಯುತ್ತಿತ್ತು, ನಾನು ಈ ಕಡೆ ದೇವರ ಹೆಸರಿನಲ್ಲಿ ಜೊಲ್ಲು ಸುರಿಸಿಕೊಂಡು ಮಲಗಿದ್ದೆ. ಅಯ್ಯೋ ಕರ್ತನೇ, ಅಂದಳು ಮನಸ್ಸಿನಲ್ಲಿ. ಮುಂದೆ ಮಾತು ಹೊಳೆಯಲಿಲ್ಲ. ಅದನ್ನೇ ಇನ್ನೊಂದು ಸಲ ಅಂದಳು. ಕಣ್ಣು ತೆರೆದೇ ಇತ್ತು, ಕೈ ಮಗುವಿನ ಮೊಣಕೈ ಮೇಲಿತ್ತು.

ಮಣಿಕಟ್ಟಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಪ್ಲಾಸ್ಟರ್ ಹಾಕಿ ಕಳಿಸಿದರು. ಮನೆಗೆ ಬಂದರೆ, ಸುದ್ದಿ ತಿಳಿದು ಅವರಿಗಿಂತ ಮುಂಚೆಯೇ ಬಂದಿದ್ದ ಗಂಡ ಕುರ್ಚಿಯ ಮೇಲೆ ನಿಂತು ಕೆಂಪು ದೀಪದ ತಿರುಪು ಬಿಚ್ಚುತ್ತಿದ್ದ.

"ಅದಕ್ಕೆ ಕೈ ಹಾಕಬೇಡಿ!" ಅಂದಳು.

"ಇಷ್ಟಾದ ಮೇಲೂ ನಿನಗೆ ಇದು ಬೇಕಾ?"

"ಬೇಕು! ಬೇಕೇ ಬೇಕು!" ಅವಳು ಅಷ್ಟು ಹೊತ್ತು ತಡೆದುಕೊಂಡಿದ್ದೆಲ್ಲ ಹೊರಗೆ ಬಂತು. "ಇಡೀ ದಿನ ನೀವೆಲ್ಲ ತಗೊಳ್ತೀರಿ. ಆಸ್ಪತ್ರೆ ಮಿಕ್ಕಿದ್ದು ತಗೊಳ್ಳುತ್ತೆ. ನನಗೆ ಅಂತ ಕೇಳಿದ್ದು ಕಾಲು ಗಂಟೆ ಕಣ್ರೀ. ಅದನ್ನೂ ನಾನು ಏನು ಮಾಡ್ದೆ ಗೊತ್ತಾ? ಮಲಗಿಬಿಟ್ಟೆ! ನನ್ನ ಮಗು ಹೊರಗೆ ಮುರಿದ ಕೈ ಹಿಡ್ಕೊಂಡು ಕೂತಿದೆ, ನಾನು ಒಳಗೆ ಗೊರಕೆ ಹೊಡೀತಿದ್ದೆ!"

ಗಂಡ ಕುರ್ಚಿಯ ಮೇಲೆಯೇ ನಿಂತಿದ್ದ. ಕೈಯಲ್ಲಿದ್ದ ತಿರುಪನ್ನು ಮತ್ತೆ ಅದರ ಜಾಗಕ್ಕೆ ಹಾಕಿ ಬಿಗಿಮಾಡಿದ. ಕೆಳಗಿಳಿದು, "ನಾಳೆ ಬೆಳಿಗ್ಗೆ ಒಲೆ ನಾನು ನೋಡ್ಕೊಳ್ತೀನಿ," ಅಂದ. ವಕೀಲ, ಇನ್ನು ಮುಂದೆ ಯಾವ ಯಾವ ಸಂದರ್ಭದಲ್ಲಿ ಬಾಗಿಲು ತಟ್ಟಬಹುದು ಎಂದು ಕೇಳಲು ಬಾಯಿ ತೆರೆದವನು, ಅಮ್ಮನ ಮುಖ ನೋಡಿ ಮುಚ್ಚಿಕೊಂಡ.

ಭಾನುವಾರ ಬೆಳಿಗ್ಗೆ ಅವಳು ಸಾಮಾನಿನ ಕೋಣೆಗೆ ಹೋಗಿ ಸ್ವಿಚ್ಚು ಒತ್ತಿದಳು. ಚಿಲಕ ಹಾಕಲು ಕೈ ಏಳಲಿಲ್ಲ. ಬೈಬಲ್ ತೆರೆದು ಮಳೆ ಶುರುಮಾಡುವಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಪುಟ್ಟಿ ಬಿಳಿ ಪ್ಲಾಸ್ಟರಿನ ಕೈಯನ್ನು ಮುಂದೆ ಹಿಡಿದುಕೊಂಡು ಒಳಗೆ ಬಂದಳು. ಕೇಳಲಿಲ್ಲ, ತಟ್ಟಲಿಲ್ಲ. ದೀಪ ಹತ್ತಿದಾಗಲೂ ಒಳಗಿರಬಹುದು ಎಂದು ಅವಳಿಗೆ ನಿನ್ನೆ ಗೊತ್ತಾಗಿತ್ತು. ಡಬ್ಬಗಳ ನಡುವೆ ಜಾಗ ಮಾಡಿಕೊಂಡು ಅಮ್ಮನಿಗೆ ಒತ್ತಿ ಕೂತಳು.

ಎಕ್ಸ್‌ರೇ ಅಕ್ಕನಿಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಬೇಕು. ಇವತ್ತೂ ಇಲ್ಲ, ಹಾಗಾದರೆ. ಅಡುಗೆಮನೆಯಿಂದ ಹಾಲು ಉಕ್ಕಿದ ವಾಸನೆ, ಗಂಡ ಏನನ್ನೋ ಬೀಳಿಸಿದ ಸದ್ದು, "ಅಪ್ಪಾ, ಅದು ಹಾಗಲ್ಲ" ಎಂಬ ವಕೀಲನ ವಾದ. ಅವಳು ಕಣ್ಣು ಮುಚ್ಚಿ, "ಕರ್ತನೇ, ನೋಡ್ತಿದ್ದೀಯಲ್ಲ," ಅಂದಳು. ಜಗಳದ ದನಿಯಲ್ಲೇ ಬಂತು ಆ ಮಾತು. ಬಹಳ ದಿನಗಳ ಮೇಲೆ, ಯಾರಿಗೋ ಹೇಳಿದ ಹಾಗೆ ಬಂತು.

ಪಕ್ಕದಲ್ಲಿ ಸದ್ದೇ ಇರಲಿಲ್ಲ. ಅನುಮಾನ ಬಂದು ಕಣ್ಣು ತೆರೆದು ನೋಡಿದಳು. ಪುಟ್ಟಿ ಕೆನ್ನೆ ಉಬ್ಬಿಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಕಣ್ಣು ಬಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಆಸ್ಪತ್ರೆಯ ಹಾಗೆ ಇಲ್ಲೂ ದೀಪ ಆರುವವರೆಗೆ ಉಸಿರು ಹಿಡಿದಿರಬೇಕು ಎಂದುಕೊಂಡಿತ್ತು ಮಗು.

"ಬಿಡು ಕಂದ," ಅಂದಳು ಅವಳು, ಮಗುವಿನ ಬೆನ್ನ ಮೇಲೆ ಕೈಯಿಟ್ಟು. "ಇಲ್ಲಿ ಉಸಿರು ಹಿಡೀಬೇಕಾಗಿಲ್ಲ. ಬಿಡು."